ಗೂಡಿನೊಳಗಿನ ಎರ್ಸಿಲಿಯಾ

ನಮ್ಮೂರಿನ ಒಪೆರಾ ಮಂದಿರದ ವೇದಿಕೆಯ ಅಂಚಿನಲ್ಲಿ ಒಂದು ಗೂಡಿತ್ತು. ಎರ್ಸಿಲಿಯಾ ಪ್ರೇಕ್ಷಕರಿಗೆ ಕಾಣದಂತೆ ಅದರೊಳಗೆ ಕೂತು, ಗಾಯಕರು ಬಾಯಿ ತೆರೆಯುವ ಒಂದುಸಿರು ಮೊದಲೇ ಮುಂದಿನ ಸಾಲು ಎತ್ತಿಕೊಡುತ್ತಿದ್ದಳು. ಪ್ರಾಂಪ್ಟರ್ ಕೆಲಸವೆಂದರೆ ಅದೇ. ಗಾಯಕಿಯರ ಲಂಗದ ಧೂಳು ಕುಡಿದು ಅವಳಿಗೆ ಸದಾ ಕೆಮ್ಮು.

ಆ ಚಟ ಹೊರಗೂ ಅವಳನ್ನು ಬಿಡಲಿಲ್ಲ. ಯಾರು ಮಾತು ಶುರುಮಾಡಿದರೂ ಮುಗಿಸುವವಳು ಇವಳೇ. ಬೇಕರಿಯ ಎಜಿದಿಯೋ ಹೇಗೋ ಧೈರ್ಯ ಮಾಡಿ ಒಂದು ಭಾನುವಾರ ಚರ್ಚಿನ ಮುಂದೆ, "ಎರ್ಸಿಲಿಯಾ, ನಾವಿಬ್ರೂ..." ಎಂದ.

"ಮದುವೆ ಆಗೋಣ ಅಂತೀಯ" ಎಂದು ಇವಳು ಎತ್ತಿಕೊಟ್ಟಳು.

ಪಾಪ, ಅವನು ಕೆಂಪಾಗಿ, ಇಲ್ಲ, ಬ್ರೆಡ್ಡಿನ ವಿಷಯ ಎಂದು ತೊದಲಿ ಹೋದವನು ಮತ್ತೆ ಆ ಸುದ್ದಿ ಎತ್ತಲಿಲ್ಲ. ವೇದಿಕೆಯ ಕೆಳಗೆ ವಾದ್ಯದವರ ಜೊತೆ ಕೂತು ಹಾರ್ನ್ ಊದುವ ನಮಗೆಲ್ಲ ಅದು ತಿಂಗಳುಗಟ್ಟಲೆ ನಗೆಯ ಸರಕಾಯಿತು. ಅವಳು ಒಂಟಿಯಾಗಿಯೇ ಉಳಿದಳು.

ಎಪ್ಪತ್ತರ ದಶಕದಲ್ಲಿ ನಮ್ಮೂರಿನವನೇ ಆದ ಸಂಗೀತಗಾರ ತ್ರಿವೆಲ್ಲಿ ಬರೆದ ಒಪೆರಾವೊಂದರ ಹಸ್ತಪ್ರತಿ ಮಠದ ಗ್ರಂಥಾಲಯದಲ್ಲಿ ಸಿಕ್ಕಿತು. ಅವನು ಸತ್ತು ನೂರು ವರ್ಷದ ಮೇಲಾಗಿತ್ತು. ಬಸ್ಸು ನಿಲ್ಲುವ ಚೌಕಕ್ಕೆ ಅವನ ಹೆಸರಿದೆ ಎನ್ನುವುದು ಬಿಟ್ಟರೆ ಊರಿಗೆ ಬೇರೇನೂ ಗೊತ್ತಿರಲಿಲ್ಲ. ಅದನ್ನು ಆಡಿಸಿ, ಪ್ರದರ್ಶನದಲ್ಲೇ ಧ್ವನಿಮುದ್ರಿಸಿಕೊಂಡು ರೆಕಾರ್ಡು ತರುವುದೆಂದು ತೀರ್ಮಾನವಾಯಿತು.

ಎರ್ಸಿಲಿಯಾ ಹಿಗ್ಗಿಹೋದಳು. "ನಂಗೆ ಮಕ್ಕಳಿಲ್ಲ, ಮರಿಯಿಲ್ಲ. ಆ ರೆಕಾರ್ಡ್‌ನಲ್ಲಾದ್ರೂ ನನ್ನ ದನಿ ಉಳಿಯತ್ತೆ ಕಣೋ" ಎಂದಳು ನನಗೆ.

ಧ್ವನಿಮುದ್ರಣಕ್ಕೆ ಮಿಲಾನಿನಿಂದ ಬಂದಿದ್ದ ಮಹಾಶಯನಿಗೆ ಬೇಡವಾಗಿದ್ದದ್ದು ಅದೇ ದನಿ. ಬರೀ ತುಟಿ ಆಡಿಸಿ, ಸದ್ದು ಬೇಡ ಎಂದ. ಅವಳು ಒಲ್ಲದ ಮನಸ್ಸಿನಿಂದ ಒಪ್ಪಿದಳು. ಆದರೆ ಅದು ಯಾರೂ ಹಾಡಿ ಕೇಳಿಸಿರದ ಒಪೆರಾ. ಕೊನೆಯ ಅಂಕದಲ್ಲಿ ಗಾಯಕಿ ಲಿಯೊನಿಲ್ದಾ ಕತ್ತೆತ್ತಿ ಹಾಡುತ್ತಿದ್ದವಳು ಸಾಲು ಮರೆತು ನಿಂತಳು. ಗೂಡಿನ ಕಡೆ ಅವಳ ಕಣ್ಣೇ ಇಲ್ಲ. ತುಟಿ ಆಡಿಸಿ ಏನು ಪ್ರಯೋಜನ? ಎರ್ಸಿಲಿಯಾ "ಬಾಗಿಲು ತೆಗೆ" ಎಂದು ಕೂಗಿಯೇಬಿಟ್ಟಳು. ಲಿಯೊನಿಲ್ದಾ ಅದನ್ನು ಹಿಡಿದು ಹಾಡಿದ ಪರಿಗೆ ಮೇಲಿನ ಅಗ್ಗದ ಸೀಟಿನವರೆಲ್ಲ ಅತ್ತರು.

ಮರುದಿನ ಬೆಳಿಗ್ಗೆ ಖಾಲಿ ಮಂದಿರದಲ್ಲಿ ಲಿಯೊನಿಲ್ದಾಳ ಕೈಗೆ ಹಾಳೆ ಕೊಟ್ಟು ಆ ಭಾಗವನ್ನು ಮತ್ತೆ ಮುದ್ರಿಸಿಕೊಂಡರು. ಎರ್ಸಿಲಿಯಾಳನ್ನು ಕರೆಯಲೇ ಇಲ್ಲ. ಸತ್ತವನ ದನಿ ಎಬ್ಬಿಸಲು ಇಷ್ಟೆಲ್ಲ ಒದ್ದಾಡಿದವರಿಗೆ ಬದುಕಿರುವವಳ ಒಂದು ಕೂಗು ಭಾರವಾಯಿತು. ನನಗೆ ಇವತ್ತಿಗೂ ಸಿಟ್ಟಿದೆ. ನಾನು ಹೋಗಿ ಹೇಳಿದರೆ ಅವಳು ನಂಬಲಿಲ್ಲ. ಅಷ್ಟು ಜೋರಾಗಿ ಕೂಗಿದ್ದು ಎಲ್ಲಾದರೂ ಒಂದಿಷ್ಟು ಉಳಿದೇ ಇರುತ್ತದೆ ಎಂದಳು.

ರೆಕಾರ್ಡು ಬಂದ ದಿನ ಕುಂಬಳಕಾಯಿ ತುಂಬಿದ ಕಡುಬಿನಂಥ ತೊರ್ತೆಲ್ಲಿ ಮಾಡಿ ನನ್ನನ್ನು ಕರೆದಳು. ಪ್ರತಿ ಸಾಲಿಗೂ ಮೊದಲು ಅವಳ ತುಟಿ ಆಡುತ್ತಿತ್ತು. ಆ ಜಾಗ ಬಂತು. ಫೋರ್ಕು ಕೆಳಗಿಟ್ಟು ಕಿವಿಗೊಟ್ಟಳು. ಲಿಯೊನಿಲ್ದಾ ಎಲ್ಲೂ ತಡವರಿಸದೆ ಹಾಡಿಕೊಂಡು ಹೋದಳು.

"ನಾನು ಹೇಳ್ಕೊಡ್ದೇನೇ ಹಾಡ್ಬಿಟ್ಲು" ಎಂದಳು ಎರ್ಸಿಲಿಯಾ.

ರೆಕಾರ್ಡು ಇನ್ನೂ ಮುಗಿದಿರಲಿಲ್ಲ. ಅವಳ ತುಟಿ ಮತ್ತೆ ಅಲುಗಲಿಲ್ಲ.