ಕೆಂಪರಾಜಣ್ಣನ ಪಟ್ಟಿಯ ಕೊನೆಯ ಸಾಲು

ಕೊನೆಗಾಲದ ರೋಗಿಗಳ ಮನೆಗೆ ಯಾವ ನರ್ಸು ಎಷ್ಟು ಹೊತ್ತಿಗೆ ಹೋಗಬೇಕೆಂದು ಪಟ್ಟಿ ಮಾಡುವ ಕೆಂಪರಾಜಣ್ಣನ ಜ್ಞಾಪಕಶಕ್ತಿಗೆ ಪದ್ಮಶ್ರೀ ಸಿಸ್ಟರ್ ದಿನಾ ಬೆರಗಾಗುತ್ತಿದ್ದಳು. 'ಸೂಲಿಬೆಲೆ ಅಜ್ಜಿ ಮನೆ ನಾಯಿ ಬೊಗಳುತ್ತೆ, ಕಚ್ಚಲ್ಲ', 'ಬಾಶೆಟ್ಟಿಹಳ್ಳೀಲಿ ಬೆಲ್ ಒತ್ಬೇಡಿ, ಮಗ ಶಿಫ್ಟ್ ಮುಗಿಸಿ ಮಲಗಿರ್ತಾನೆ' ಅಂತ ಅಬ್ಬಬ್ಬಾ, ಪ್ರತಿ ಹೆಸರಿನ ಪಕ್ಕ ಒಂದು ಪುರಾಣ! ಕಾಯಿಲೆಯನ್ನು ಮನೆಯವರಿಂದ ಮುಚ್ಚಿಡುವವರನ್ನು ಕಂಡರೆ ಮಾತ್ರ ಅವನು ಉರಿದುಬೀಳುತ್ತಿದ್ದ: "ಹೇಳ್ಬಿಡಿ ಸ್ವಾಮಿ, ಅಳೋದಾದ್ರೆ ಒಟ್ಟಿಗೇ ಅಳಿ!" ಈ ಸೋಮವಾರವೂ ನಗುತ್ತಲೇ ಪಟ್ಟಿ ಓದುತ್ತಿದ್ದ ಪದ್ಮಶ್ರೀ ಕೊನೆಯ ಸಾಲಿಗೆ ಬಂದವಳೇ ಕಾಫಿ ಲೋಟ ಹಿಡಿದಂತೆಯೇ ನಿಂತುಬಿಟ್ಟಳು. ಹೊಸ ರೋಗಿಯ ಹೆಸರು ಕೆಂಪರಾಜು. ವಿಳಾಸ ಪಟ್ಟಿ ಬರೆದ ಕೆಂಪರಾಜಣ್ಣನದೇ ಮನೆ. ಪಕ್ಕದಲ್ಲಿ ಅದೇ ದುಂಡು ಅಕ್ಷರ: 'ಹೆಂಡತಿ ಡೇರಿಗೆ ಹಾಲು ಹಾಕೋಕೆ ಹೋದಾಗ ಬನ್ನಿ. ಅವಳಿಗಿನ್ನೂ ಹೇಳಿಲ್ಲ.'