ರಾಜೇಶ್ವರದ ಮಾಳಿಗೆ ತೂತು ಮಾಡಿದ ಕಲ್ಲು

1941ರಲ್ಲಿ ನಾನು ಹುಮನಾಬಾದಿನಲ್ಲಿ ಕ್ಯಾಂಪ್ ಹಾಕಿದ್ದ ಭೂವಿಜ್ಞಾನ ಸಹಾಯಕ. ಕುಂತಲ್ಲಿ ಕುಂತಿರುವ ಜಾಯಮಾನ ನನ್ನದಲ್ಲ; ಅಂದು ರಾಜೇಶ್ವರದ ದಾರಿಯಲ್ಲಿ ಎತ್ತಿನ ಗಾಡಿ ತೆವಳುತ್ತಿದ್ದರೆ ಮುಳ್ಳಿನ ಮೇಲೆ ಕೂತಂತಾಗಿತ್ತು.

ಹಿಂದಿನ ಮಧ್ಯಾಹ್ನ ಬೆಂಕಿಯುಂಡೆಯೊಂದು ಆಕಾಶದಲ್ಲಿ ಓರೆಯಾಗಿ ಹಾದು, ಗುಡುಗಿ, ಚೂರಾಗಿತ್ತು. ಸ್ವಲ್ಪ ಹೊತ್ತಿಗೆ ರಾಜೇಶ್ವರದ ಗುಂಡಪ್ಪನ ಮಣ್ಣಿನ ಮಾಳಿಗೆಯನ್ನು ಕಲ್ಲೊಂದು ತೂತು ಮಾಡಿ, ಅವನ ಹೆಂಡತಿಯ ಕೈ ಮುರಿದಿತ್ತು. ಪಕ್ಕದ ಮನೆಯ ಮಾರುತಿಗೂ ಗುಂಡಪ್ಪನಿಗೂ ಮಾಳಿಗೆಯಿಂದ ಸುರಿಯುವ ಮಳೆನೀರಿನ ಹಳೆಯ ಜಗಳ. ಕಲ್ಲು ಹಾಕಿದವನು ಮಾರುತಿಯೇ ಎಂದು ಪೊಲೀಸ್ ಅಮೀನರು ಅವನನ್ನು ಚಾವಡಿಯ ಕಂಬಕ್ಕೆ ಕಟ್ಟಿಸಿದ್ದರು. ಬೀದರಿನ ಜೈಲಿಗೆ ಒಯ್ಯುವ ಮೊದಲು ನನ್ನ ಅಭಿಪ್ರಾಯ ಬೇಕಿತ್ತಂತೆ.

"ಬೆಂಕಿ ಓರೆ ಹೋಗ್ಯದ, ತೂತು ನೆಟ್ಟಗದ. ಮಾಳಿಗಿ ಮಣ್ಣಿನ ಕೆಳಗ ಹಾಸಿದ ಜೋಳದ ಕಣಕಿ ಒಂದೆಳಿ ಸುಟ್ಟಿಲ್ಲ. ಇವನೇ ಎತ್ತಿ ಹಾಕ್ಯಾನ್ರಿ," ಎಂದರು ಅಮೀನರು.

ಕಲ್ಲು ಕೇಳಿದೆ. ಅದಾಗಲೇ ದೇವರ ಜಗಲಿ ಸೇರಿತ್ತು! ಗುಂಡಪ್ಪನ ತಾಯಿ ಎಣ್ಣೆ ಹಚ್ಚಿ, ವಿಭೂತಿ ಬಳಿದು ಕೂರಿಸಿದ್ದಳು. ಮಗ ನೆರೆಯವನನ್ನು ಬೈಯುತ್ತಿದ್ದ, ತಾಯಿ ಕೈಮುಗಿಯುತ್ತಿದ್ದಳು.

"ಮುಟ್ಟಬ್ಯಾಡ್ರಿ! ತೊಳಿಯೋದಿದ್ರ ನಾನೇ ತೊಳಿತೀನಿ," ಎಂದು ಅವಳೇ ತಿಕ್ಕಿ ತೊಳೆದಳು. ಹಂಚಿನ ಮೇಲೆ ಸೀದ ರೊಟ್ಟಿಯಂಥ ತೆಳ್ಳನೆ ಕಪ್ಪು ಸಿಪ್ಪೆ; ಒಡೆದ ಕಡೆ ಬೂದು ಬಣ್ಣ. ಆಯಸ್ಕಾಂತ ಹಿಡಿದರೆ ಟಪ್ಪನೆ ಅಂಟಿತು. ನಮ್ಮ ಕಡೆಯ ಕೆಂಪು ಕಲ್ಲು ಹಾಗಿರುವುದಿಲ್ಲ; ಇದು ಆಕಾಶದಿಂದ ಬಿದ್ದ ಉಲ್ಕೆಯೇ.

ಅಮೀನರಿಗೆ ವಿವರಿಸಿದೆ. ಉಲ್ಕೆ ನುಗ್ಗಿ ಬರುವಾಗ ಗಾಳಿ ಅದನ್ನು ತಡೆಯುತ್ತದೆ. ಅಂಕುಡೊಂಕಾದ ಕಲ್ಲಿನ ಒಂದು ಮಗ್ಗುಲಿಗೆ ಒತ್ತಡ ಹೆಚ್ಚಾದರೆ ದಾರಿ ಬಾಗುತ್ತದೆ. ಒಡೆದರೆ ಚೂರುಗಳು ದಿಕ್ಕಿಗೊಂದಾಗುತ್ತವೆ. ಬಹಳ ಎತ್ತರದಲ್ಲೇ ವೇಗ ಕಳೆದು ಬೆಳಕು ಆರುತ್ತದೆ. ಅಲ್ಲಿಂದ ಅದು ಎಲ್ಲ ಕಲ್ಲಿನಂತೆ ಹೆಚ್ಚುಕಡಿಮೆ ನೆಟ್ಟಗೆ ಬೀಳುತ್ತದೆ. ಕರಗುವುದು ಮೇಲಿನ ಸಿಪ್ಪೆ ಮಾತ್ರ, ಒಳಗೆ ಕಾಯುವಷ್ಟು ಹೊತ್ತೇ ಸಿಗುವುದಿಲ್ಲ; ಅದಕ್ಕೇ ಕಣಕಿ ಸುಟ್ಟಿಲ್ಲ.

"ಕಿತಾಬಿನ ಮಾತು ಬ್ಯಾಡ್ರಿ!"

ನನಗೆ ರೇಗಿಹೋಯಿತು. ಕಣದಿಂದ ಒಂದು ಹಿಡಿ ಹೊಟ್ಟು ತಂದು, ಇದ್ದ ಬಲವನ್ನೆಲ್ಲ ಹಾಕಿ ಓರೆಯಾಗಿ ಬೀಸಿದೆ. ಒಂದೆರಡು ಮಾರು ಹೋಗುವಷ್ಟರಲ್ಲಿ ಅದರ ಓಟ ಗಾಳಿಗೆ ನಿಂತು, ನೆಟ್ಟಗೆ ಕೆಳಗಿಳಿಯಿತು. ರಾಶಿ ತೂರಿ ಬಲ್ಲ ಊರಮಂದಿ ತಲೆಯಾಡಿಸಿದರು. ಅಮೀನರು ಹೊಟ್ಟನ್ನೂ ಕಲ್ಲನ್ನೂ ನೋಡಿ, "ಬಿಚ್ರಿ ಅವನ್ನ," ಎಂದರು.

ಗುಂಡಪ್ಪ ಹತ್ತಿರ ಬಂದು, "ಆತಲ್ಲಪಾ, ಬಿಟ್ರಲ್ಲ," ಎಂದ.

ಮಾರುತಿ ಬಾತ ಮಣಿಕಟ್ಟು ತಿಕ್ಕಿಕೊಳ್ಳುತ್ತ ಹೇಳಿದ: "ಕಲ್ಲಿಗಿ ಗಾಳಿ ಅಡ್ಡ ಬಂತು ಗುಂಡಣ್ಣಾ. ನಿನ್ನೆ ಊರ ಮುಂದ ನನ್ನ ಕಟ್ಟುವಾಗ ಒಬ್ಬರೂ ಅಡ್ಡ ಬರಲಿಲ್ಲ."

ನನ್ನ ಗೆಲುವೆಲ್ಲ ಅಲ್ಲಿಗೇ ಇಳಿಯಿತು. ಆಮೇಲೆ ನೌಕರಿ ಮುಗಿಯುವವರೆಗೂ, ಎಲ್ಲಿಂದ ಕರೆ ಬಂದರೂ ಕಲ್ಲಿನ ವಿಷಯಕ್ಕಿಂತ ಮೊದಲು ನಾನು ಕೇಳುತ್ತಿದ್ದುದು ಒಂದೇ: "ಯಾರನ್ನಾದರೂ ಕಟ್ಟಿ ಹಾಕಿದ್ದೀರೇನು?"