ಮಾಲತೇಶಪ್ಪನಿಗೆ ಬಾರದ ವಾಸನೆ

ಶಾಮನೂರಿನ ನಮ್ಮ ಓಣಿಯಲ್ಲಿ ಮಾಲತೇಶಪ್ಪನನ್ನು ಬೈಯದವರಿಲ್ಲ, ಅವನ ಗಾಡಿ ಕೇಳದವರೂ ಇಲ್ಲ. ಬಾಡಿಗೆಗೆ ಓಡಿಸುವ ಬಿಳಿ ಕಾರು ಅವನದು. ಅದನ್ನು ಒರೆಸುವಷ್ಟು ತನ್ನ ಮುಖವನ್ನು ಒರೆಸಿಕೊಂಡವನಲ್ಲ. ಕೊರೊನಾ ಬಂದು ಹೋದ ಮೇಲೆ ಅವನ ಮೂಗಿಗೆ ಯಾವ ವಾಸನೆಯೂ ಹತ್ತುವುದಿಲ್ಲ. ಒಗ್ಗರಣೆ ಸೀದು ಮನೆ ತುಂಬಾ ಹೊಗೆಯಾದರೂ ಪೇಪರ್ ಓದುತ್ತಾ ಕೂತಿರುತ್ತಾನೆ.

ಈ ಸಲ ಶೀಗಿ ಹುಣ್ಣಿಮೆಗೆ ಹೊಲದಲ್ಲಿ ಚರಗದ ಎಡೆ ಚೆಲ್ಲಲು ಮನೆಯವರೆಲ್ಲ ಅದೇ ಕಾರಿನಲ್ಲಿ ಹೋದರು. ಕಾಲುವೆ ಏರಿಯ ಮೇಲೆ ಗಾಡಿ ಎಗರಿತು, ಭೂಮಿತಾಯಿಗೆಂದು ಮಾಡಿದ ಅಂಬಲಿಯ ಗಡಿಗೆ ಹಿಂದಿನ ಸೀಟಿನ ಕೆಳಗೆ ಉರುಳಿತು. ಮನೆಗೆ ಬಂದು ನೀರು ಸುರಿದು ತೊಳೆದಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ತಾಯಿಯ ಪಾಲು ಮೋರಿ ಸೇರಬಾರದೆಂದು ಈ ಪುಣ್ಯಾತ್ಮ ಒಣ ಬಟ್ಟೆಯಲ್ಲಿ ಒರೆಸಿ, ಕೈಮುಗಿದು ಬಿಟ್ಟ.

ಹಾಸಿನ ಅಡಿಗೆ ಇಳಿದ ಅಂಬಲಿ ಅಲ್ಲೇ ಕೊಳೆಯಿತು. ಗಾಡಿ ಹತ್ತಿದವರು ಉಸಿರು ಬಿಗಿಹಿಡಿದರೇ ಹೊರತು ಬಾಯಿ ಬಿಡಲಿಲ್ಲ. ನಮ್ಮ ಜನ ಜಗಳಕ್ಕೆ ನಿಂತರೆ ಎದುರಿನವನ ಅಜ್ಜ ಮುತ್ತಜ್ಜರನ್ನೂ ಎಳೆದು ತರುತ್ತಾರೆ. ನಿನ್ನ ಗಾಡಿ ನಾರುತ್ತಿದೆ ಎನ್ನಲು ಮಾತ್ರ ಎಲ್ಲಿಲ್ಲದ ದಾಕ್ಷಿಣ್ಯ. ಪಿ.ಜೆ. ಬಡಾವಣೆಯ ಡಾಕ್ಟರ ಹತ್ತಿರ ಅದೇ ಗಾಡಿಯಲ್ಲಿ ಹೋಗುತ್ತಿದ್ದ ಬಕ್ಕೇಶಪ್ಪನವರು, "ನಡೆದ್ರೆ ಮೈಗೆ ಒಳ್ಳೇದಂತಪ್ಪ" ಎಂದು ಜಾರಿಕೊಂಡರು.

ನಿಜ ಹೇಳಿದವಳು ಮಗಳು ಅಂಬಿಕಾ. ಚೊಚ್ಚಲ ಹೆರಿಗೆಗೆ ಅವಳನ್ನು ಕರೆತರಲು ಮಾಲತೇಶಪ್ಪ ಗಾಡಿಗೆ ಹೂವಿನ ಹಾರ ಹಾಕಿಕೊಂಡು ಹರಿಹರಕ್ಕೆ ಹೋಗಿದ್ದ. ಗಾಡಿಯ ಬಾಗಿಲು ತೆಗೆದವಳೇ ಅವಳು ಬಾಯಿ ಮುಚ್ಚಿಕೊಂಡು ಹಿಂದೆ ಸರಿದು ವಾಂತಿ ಮಾಡಿದಳು.

"ಅಪ್ಪಾ, ಒಳಗೆ ಏನೋ ಸತ್ತಂಗೆ ನಾರ್ತೈತೆ. ಇದ್ರಾಗೆ ನಾ ಬರಂಗಿಲ್ಲ. ಬಸ್ಸಿಗೆ ಬರ್ತೀನಿ."

ತುಂಬಿದ ಬಸುರಿ ಬಸ್ಸಿನ ನೂಕಾಟದಲ್ಲಿ ಬರುವುದೆಂದರೇನು? ಬೀಗರು ಒಪ್ಪಲಿಲ್ಲ. "ಸೋಮವಾರ ಕಳಿಸ್ತೀವಿ, ಗಾಡಿ ಸರಿ ಮಾಡ್ಕೊಂಡು ಬರ್ರಿ" ಎಂದರು. ಸ್ವಂತ ಕಾರಿದ್ದೂ ಮಗಳನ್ನು ಕೂರಿಸಿಕೊಂಡು ಬರಲಾಗಲಿಲ್ಲವೆಂದು ದಾರಿಯುದ್ದಕ್ಕೂ ಅಳು ಬಂತೆಂದು ಅವನೇ ನನಗೆ ಹೇಳಿದ.

ಸೆಂಟು ಹೊಡೆದ, ಕರ್ಪೂರ ಇಟ್ಟ, ಲೋಬಾನದ ಹೊಗೆ ಹಾಕಿದ. ವಾಸನೆ ಹೋಯಿತಾ ಎಂದು ಅವನು ಕೇಳಿದವರೆಲ್ಲ "ಈಗ ಹೋಗೇತೆ ಬಿಡ್ರಿ" ಎಂದರು. ಅವನು ಯಾರನ್ನೂ ನಂಬಲಿಲ್ಲ. ಹೆಂಡತಿ ದ್ಯಾಮವ್ವ ಮಾತ್ರ ರೇಗಿದಳು.

"ಹೊಗಿ ಹಾಕಿದ್ರೆ ಅಂಬಲಿ ಎದ್ದು ಹೋಗ್ತೈತಾ? ತೊಳೀರಿ."

"ಚರಗದ್ದು ಮೋರಿಗೆ ಹೋಗಬಾರ್ದು."

"ಮೋರಿಗೆ ಯಾಕ ಬಿಡ್ತೀರಿ? ಹೊಲಕ್ಕೆ ಒಯ್ರಿ. ಅಲ್ಲಿ ತೊಳೆದ್ರೆ ಆಕಿದು ಆಕಿಗೇ ಸೇರ್ತೈತೆ."

ಅವನೂ ನಾನೂ ಗಾಡಿಯನ್ನು ಹೊಲದ ಪಂಪ್‌ಸೆಟ್ ಪಕ್ಕ ನಿಲ್ಲಿಸಿ ಸೀಟು ಬಿಚ್ಚಿದೆವು. ಹಾಸು ಎತ್ತಿದಾಗ ನಾನು ಬದುವಿನಾಚೆ ಓಡಿದೆ. ಮಾಲತೇಶಪ್ಪ ಅಲ್ಲೇ ಕೂತು ಸೋಪಿನ ಪುಡಿ ಹಾಕಿ ಉಜ್ಜಿ, ತೊಳೆದ ನೀರನ್ನು ಹೊಲದ ಸಾಲಿಗೆ ಬಿಟ್ಟ. ಮೂಗಿಲ್ಲದ್ದು ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು. ಸೀಟಿಗೆ ಅಡುಗೆ ಸೋಡಾ ಉದುರಿಸಿ ಝಾಡಿಸಿದ. ಹಾಸನ್ನೂ ಅದರಡಿಯ ಹತ್ತಿಯನ್ನೂ ಗರಿಗರಿಯಾಗುವವರೆಗೆ ಬಿಸಿಲಿಗೆ ಬಿಟ್ಟೆವು.

ಸೋಮವಾರ ಅಂಬಿಕಾ ಏನೂ ಹೇಳದೆ ಹತ್ತಿ ಕೂತಳು. ಅದಕ್ಕೇ ಅವನಿಗೆ ಭಯವಾಯಿತು. ಊರಿನವರ ಹಾಗೆ ಇವಳೂ ದಾಕ್ಷಿಣ್ಯಕ್ಕೆ ಸಹಿಸಿಕೊಂಡಿದ್ದರೆ? ಕೇಳುವ ಧೈರ್ಯವಾಗಲಿಲ್ಲ. ಹರಿಹರ ದಾಟುವ ಮೊದಲೇ ಅವಳು "ಅಪ್ಪಾ, ನಿಲ್ಸು" ಎಂದಾಗ ಅವನು ಗಕ್ಕನೆ ಬ್ರೇಕ್ ಒತ್ತಿದ.

ಅವಳು ಕೈ ತೋರಿಸಿದ್ದು ಮಿರ್ಚಿ ಬಜ್ಜಿಯ ತಳ್ಳುಗಾಡಿಯತ್ತ. ಅಪ್ಪ ಇಳಿದು ಕಟ್ಟಿಸಿಕೊಂಡು ಬಂದದ್ದನ್ನು ಹಿಂದಿನ ಸೀಟಿನಲ್ಲೇ ಬಿಚ್ಚಿ, ಮಂಡಕ್ಕಿ ಜೊತೆ ತಿನ್ನತೊಡಗಿದಳು.

"ಗಾಡಿ ತುಂಬಾ ಮಿರ್ಚಿ ವಾಸನಿ ಆತಲ್ಲಪ್ಪಾ."

"ಬರೀ ಮಿರ್ಚಿದಾ?"

"ಮತ್ತೇನಿರ್ತೈತೆ?" ಎಂದಳು, ಬಾಯಿ ತುಂಬಾ ಮಂಡಕ್ಕಿ ಇಟ್ಟುಕೊಂಡು.

ಮಾಲತೇಶಪ್ಪ ಮತ್ತೆ ಕೆಳಗಿಳಿದು ಇನ್ನೊಂದು ಪೊಟ್ಟಣ ಕಟ್ಟಿಸಿದ.